ಪೆನ್ನಿನಲ್ಲಿ ಮಾಡಿದ ಪರೀಕ್ಷೆ

4 ನವೆಂಬರ್
ಹಾಸ್ಟೆಲ್, ಮೂರನೇ ಮಹಡಿ

ಅಪ್ಪ,

ಬಂದು ಹನ್ನೆರಡು ದಿನವಾದರೂ ಕಾಗದ ಹಾಕಲಿಲ್ಲವೆಂದು ಅಮ್ಮ ಮುಖ ಊದಿಸಿಕೊಂಡಿರುತ್ತಾಳೆ. ಇಲ್ಲಿನ ಫೋನು ವಾರ್ಡನ್ ಮೇಜಿನ ಮೇಲಿದೆ. ಆಕೆ ಸ್ವೆಟರ್ ಹೆಣೆಯುತ್ತ ಎಲ್ಲರ ಮನೆ ಸುದ್ದಿಯನ್ನೂ ಕೇಳಿಸಿಕೊಳ್ಳುತ್ತಾಳೆ. ಹಾಗಾಗಿ ಕಾಗದವೇ ವಾಸಿ.

ಅದಿರು, ಲೋಹ ಪರೀಕ್ಷೆ ಮಾಡುವುದನ್ನು ಕಲಿಯಲು ಬಂದವಳಿಗೆ ಇವರು ಹತ್ತು ದಿನದಿಂದ ಸಲಿಕೆ ಹಿಡಿಸಿದ್ದಾರೆ! ಒಂದು ಮೂಟೆ ಅದಿರನ್ನು ಪುಡಿ ಮಾಡಬೇಕು, ರಾಶಿ ಹಾಕಬೇಕು, ರಾಶಿಯನ್ನು ತಟ್ಟಿ ಚಪ್ಪಟೆ ಮಾಡಿ ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ಎಸೆದು ಉಳಿದದ್ದನ್ನು ಮತ್ತೆ ರಾಶಿ ಹಾಕಬೇಕು. ಹೀಗೇ ಮೂಟೆಯಿಂದ ಚಮಚದವರೆಗೆ ಇಳಿಯಬೇಕು. ನಾನು ಒಂದು ಪಾಲನ್ನು ಕಣ್ಣಂದಾಜಿನಲ್ಲಿ ಎಸೆದೆನೆಂದು ಮೇಡಂ ಇಡೀ ಮೂಟೆಯನ್ನು ಮೊದಲಿನಿಂದ ಮಾಡಿಸಿದರು. "ಮೂಟೆ ಸುಳ್ಳಾದ್ರೆ ಚಮಚ ನಿಜ ಹೇಳಲ್ಲ" ಅಂತಾರೆ. ನನ್ನ ಸೊಂಟ ಮಾತ್ರ ನಿಜ ಹೇಳುತ್ತಿದೆ.

ಪಕ್ಕದ ಮೇಜಿನವನಿಗೆ ಪುಸ್ತಕವೆಲ್ಲ ಬಾಯಿಪಾಠ. ಅವನಿಗೆ ಗಿಣಿರಾಮ ಎಂದು ಹೆಸರಿಟ್ಟಿದ್ದೇನೆ. ನಿನ್ನೆ ಅವನು, ಕಾರ್ಖಾನೆಗಳಲ್ಲಿ ಇಷ್ಟೆಲ್ಲ ಯಾರು ಮಾಡ್ತಾರೆ ಎಂದ. ನನಗೆ ರೇಗಿತು. "ನಮ್ಮಪ್ಪ ಮಾಡ್ತಾರೆ. ಇಪ್ಪತ್ತಾರು ವರ್ಷದಿಂದ ಪ್ರತಿಯೊಂದನ್ನೂ ಎರಡೆರಡು ಸಲ ಮಾಡ್ತಾರೆ" ಎಂದೆ.

ಮಾವನಿಗೆ ಹೇಳಿ, ಅವರು ಕ್ರೇನಿನ ಮೇಲೆ ಕೂತು ಎತ್ತುವ ಭಾರವನ್ನೆಲ್ಲ ಅವರ ಅಕ್ಕನ ಮಗಳು ಇಲ್ಲಿ ಕೈಯಲ್ಲೇ ಎತ್ತುತ್ತಿದ್ದಾಳೆ ಅಂತ.

ನಿಮ್ಮ ಮಗಳು


6 ಡಿಸೆಂಬರ್
ಮನೆ

ಮಗಳೇ,

ನಿನ್ನ ಕಾಗದವನ್ನು ಲ್ಯಾಬಿಗೆ ಒಯ್ದು ಬಂದವರಿಗೆಲ್ಲ ಓದಿದ್ದೆ. ಉತ್ತರ ಬರೆಯಲು ಕೂತಾಗಲೇ ಇಲ್ಲಿ ಸಿಡಿಲು ಬಡಿಯಿತು.

ಹೋದ ಸೋಮವಾರ ಬೆಳಿಗ್ಗೆ, ಕೊರೆಯುವ ಚಳಿ, ನಿನ್ನ ಮಾವ ಎರಕದ ಮರಳು ತುಂಬಿದ ಅಚ್ಚಿನ ಪೆಟ್ಟಿಗೆ ಎತ್ತುತ್ತಿದ್ದಾಗ ಕ್ರೇನಿನ ಕೊಕ್ಕೆ ಮುರಿಯಿತು. ಪೆಟ್ಟಿಗೆ ಅಚ್ಚಿನ ಮೇಸ್ತ್ರಿಯ ಕಾಲ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಬಲಪಾದ ತೆಗೆದಿದ್ದಾರೆ. ನಿನಗೆ ಚಿಕ್ಕಂದಿನಲ್ಲಿ ಮರಳಿನ ಆನೆ ಮಾಡಿಕೊಡುತ್ತಿದ್ದನಲ್ಲ, ಅವನೇ.

ಮಿತಿಗಿಂತ ಹೆಚ್ಚು ಭಾರ ಎತ್ತಿದ್ದಕ್ಕೇ ಕೊಕ್ಕೆ ಮುರಿದದ್ದೆಂದು ಮ್ಯಾನೇಜರ್ ತಪ್ಪನ್ನು ಮಾವನ ಮೇಲೆ ಹಾಕಿದ್ದಾನೆ. ಗಳಿಗೆಗೊಮ್ಮೆ ಕೈಗಡಿಯಾರ ತಟ್ಟುತ್ತಾನೆಂದು ನಾವೆಲ್ಲ ಗಡಿಯಾರ ಎನ್ನುತ್ತೇವಲ್ಲ, ಅದೇ ಮಹಾನುಭಾವ. ಮಾವನನ್ನು ಕ್ರೇನಿನಿಂದ ಇಳಿಸಿದ್ದಾರೆ. ಫೆಬ್ರವರಿ ಮೊದಲ ವಾರ ವಿಚಾರಣೆ. ತಪ್ಪು ಅವನದೆಂದು ತೀರ್ಮಾನವಾದರೆ ಕೆಲಸ ಹೋಗುವುದಲ್ಲದೆ ಪೊಲೀಸ್ ಕೇಸೂ ಆಗುತ್ತದಂತೆ. ಅವನು ಭಾರ ಲೆಕ್ಕ ಹಾಕಿಯೇ ಎತ್ತಿದೆ ಎನ್ನುತ್ತಾನೆ. ಮುರಿದ ಕೊಕ್ಕೆಯನ್ನು ವಿಚಾರಣೆಯವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ.

ಕೊಕ್ಕೆ ನಮ್ಮಲ್ಲೇ ಕರಗಿಸಿ ಬಡಿದ ಉಕ್ಕಿನದು. ಈ ವರ್ಷ ಜನವರಿ 29ಕ್ಕೆ ನಾನೇ ಪರೀಕ್ಷೆ ಮಾಡಿದ್ದು. ರಂಜಕ ನೂರಕ್ಕೆ 0.034, 0.035. ಮಿತಿ 0.040. ವಿಚಾರಣೆಯವರು ಆ ಹಾಳೆ ಕೇಳಿದರು, ಕೊಟ್ಟೆ. ಉಕ್ಕು ಸರಿಯಿದೆ ಎಂದಾದ ಮೇಲೆ ಓಡಿಸಿದವನ ತಪ್ಪು ಎಂದು ಅವರು ಹೇಳುತ್ತಿದ್ದಾರೆ. ನಾನೇನು ಮಾಡಲಿ? ಇದ್ದದ್ದನ್ನು ಇದ್ದ ಹಾಗೆ ಕೊಟ್ಟೆ. ನಿಮ್ಮಮ್ಮ ಒಂದು ಕಡೆ ತಮ್ಮ, ಇನ್ನೊಂದು ಕಡೆ ಗಂಡ ಎಂದು ನಡುವೆ ಒದ್ದಾಡುತ್ತಿದ್ದಾಳೆ.

ನೀನು ಓದಿನ ಕಡೆ ಗಮನ ಕೊಡು.

ಅಪ್ಪ


14 ಡಿಸೆಂಬರ್

ಅಪ್ಪ,

ಮೊನ್ನೆ ತರಗತಿಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಓದುವಾಗ ನಿಮ್ಮ ಹತ್ತಿರ ಯಾರೂ ಇರಬಾರದು.

ಈ ತಿಂಗಳು ಉಕ್ಕಿನಲ್ಲಿ ರಂಜಕ ಅಳೆಯುವುದನ್ನು ಕಲಿಯುತ್ತಿದ್ದೇವೆ. ಮೊನ್ನೆ ಮೇಡಂ ಬೇರೆ ಬೇರೆ ಕಾರ್ಖಾನೆಗಳ ಹಳೆಯ ಹಾಳೆಗಳನ್ನು ತಂದು ಹಂಚಿದರು. ಹೆಸರು, ಸಹಿ ಇದ್ದ ಕಡೆ ಕಪ್ಪು ಕಾಗದ ಅಂಟಿಸಿದ್ದರು. "ಪ್ರತಿ ಉಕ್ಕನ್ನೂ ಎರಡು ಸಲ ಪರೀಕ್ಷೆ ಮಾಡಿ ಎರಡು ಅಂಕಿ ಬರೆದಿದ್ದಾರೆ. ಯಾರು ನಿಜವಾಗ್ಲೂ ಎರಡು ಸಲ ಮಾಡಿದ್ದಾರೆ, ಯಾರು ಎರಡನೇದನ್ನ ಪೆನ್ನಿನಲ್ಲಿ ಮಾಡಿದ್ದಾರೆ, ಹೇಳಿ ನೋಡೋಣ" ಎಂದರು.

ನನಗೆ ಸಿಕ್ಕ ಹಾಳೆಯಲ್ಲಿ ಮೂವತ್ತೆಂಟು ಸಾಲು. ಮೂವತ್ತೆಂಟರಲ್ಲೂ ಎರಡನೇ ಅಂಕಿಗೂ ಮೊದಲನೆಯದಕ್ಕೂ ಕೊನೆಯ ಸ್ಥಾನದಲ್ಲಿ ಒಂದೇ ಒಂದು ವ್ಯತ್ಯಾಸ. 0.028, 0.029. 0.031, 0.030. ವ್ಯತ್ಯಾಸ ಒಂದು ಸಲವಾದರೂ ನಾಲ್ಕಿಲ್ಲ, ಸೊನ್ನೆಯೂ ಇಲ್ಲ. ಕೈಯಿಂದ ಮಾಡಿದ ಪರೀಕ್ಷೆ ಇಷ್ಟು ಶಿಸ್ತಾಗಿ ಬರುವುದೇ ಇಲ್ಲ. ನಾನೇ ಎದ್ದು ನಿಂತು ಓದಿ ಹೇಳಿದೆ. "ಇವರು ಬಹಳ ಸಂಕೋಚದ ಮನುಷ್ಯ, ಒಂದಕ್ಕಿಂತ ಹೆಚ್ಚು ಸುಳ್ಳು ಹೇಳೋಕೆ ನಾಚಿಕೆ" ಎಂದ ಗಿಣಿರಾಮ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ.

ನಕ್ಕು ಕೂತ ಮೇಲೆ ಆ ಹಾಳೆಯ ಏಳು ಕಣ್ಣಿಗೆ ಬಿತ್ತು. ಸೊಂಟಕ್ಕೆ ಅಡ್ಡಗೆರೆ ಎಳೆದ ಏಳು. ಮೇಲೆ ಮುಚ್ಚದೆ ಬಿಟ್ಟ ಸೊನ್ನೆ. ಮನೆಯ ಕ್ಯಾಲೆಂಡರಿನಲ್ಲಿ ನೀವು ಹಾಗೇ ಬರೆಯುತ್ತೀರಿ.

ಅಪ್ಪ, ಇದು ನನ್ನ ಭ್ರಮೆ ಎಂದು ಹೇಳಿ, ನಿಮ್ಮ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ. ಭ್ರಮೆಯಲ್ಲದಿದ್ದರೆ ನೀವು ವಿಚಾರಣೆಗೆ ಕೊಟ್ಟ 0.034, 0.035 ಏನು? ಎರಡನೆಯದನ್ನು ನೀವು ಮಾಡಿದಿರಾ? ಆ ಹಾಳೆಯ ಮೇಲೆ ಮಾವನ ಬದುಕು ನಿಂತಿದೆ!

ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು.

ಮಗಳು


28 ಡಿಸೆಂಬರ್

ಅಪ್ಪ,

ಹದಿನಾಲ್ಕು ದಿನವಾಯಿತು. ಅಂಚೆಯವನು ದಾರಿ ತಪ್ಪಿರಬಹುದು ಎಂದು ಮೊದಲ ವಾರ ಅಂದುಕೊಂಡೆ. ಈಗ ಹಾಗೆ ಅಂದುಕೊಳ್ಳುವಷ್ಟು ಒಳ್ಳೆಯವಳಾಗಿ ಉಳಿದಿಲ್ಲ.

ರಂಜಕ ಹೆಚ್ಚಾದ ಉಕ್ಕು ಚಳಿಗೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆಂದು ನನಗೆ ಹನ್ನೆರಡು ವರ್ಷವಿದ್ದಾಗ ಹೇಳಿಕೊಟ್ಟವರು ನೀವು. ಕೊಕ್ಕೆ ಮುರಿದದ್ದು ಚಳಿಯ ಬೆಳಿಗ್ಗೆ ಎಂದು ಬರೆದವರೂ ನೀವೇ. ಇಷ್ಟು ಬರೆದ ಕೈಗೆ ಒಂದು ಅನುಮಾನ ಬರಲಿಲ್ಲವೇ?

ಪರೀಕ್ಷೆ ಮಾಡಿ ಉಳಿದ ಉಕ್ಕಿನ ತುರಿಯನ್ನು ಪೊಟ್ಟಣ ಕಟ್ಟಿ ತಗಡಿನ ಬೀರುವಿನಲ್ಲಿ ಒಂದು ವರ್ಷ ಇಡುತ್ತೀರಿ. ಜನವರಿ 29ಕ್ಕೆ ವರ್ಷ ತುಂಬುತ್ತದೆ. ಆಮೇಲೆ ಎಸೆಯುವವರೂ ನೀವೇ. ಅದನ್ನು ತೆಗೆದು ಮತ್ತೆ ಪರೀಕ್ಷೆ ಮಾಡಿ. ಸರಿಯಿದ್ದರೆ ನನ್ನ ಬಾಯಿಗೆ ಬೀಗ ಹಾಕುತ್ತೇನೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು ಎಂದು ಅಮ್ಮ ಊರವರ ಬಗ್ಗೆಯೆಲ್ಲ ಅನ್ನುತ್ತಿರುತ್ತಾಳೆ. ಅವಳ ಮನೆಯ ಬೇಲಿಯ ವಿಷಯ ಅವಳಿಗಿನ್ನೂ ಗೊತ್ತಿಲ್ಲ ಅಲ್ಲವೇ?

ಮಗಳು


3 ಜನವರಿ

ಪುಟ್ಟಿ,

ನಿಮ್ಮಪ್ಪನಿಗೆ ಏನು ಬರೆದೆ ನೀನು? ಎರಡು ಕಾಗದ ಬಂದವು. ಎರಡನ್ನೂ ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ಒಗೆಯಲು ಅಂಗಿ ಕೇಳಿದರೆ ಕೊಡುವುದಿಲ್ಲ. ನಿನ್ನ ಹೆಸರೆತ್ತಿದರೆ ಎದ್ದು ಹೋಗುತ್ತಾರೆ.

ನಿನ್ನ ಮಾವ ದಿನಾ ಬಂದು ಮೆಟ್ಟಿಲ ಮೇಲೆ ಕೂರುತ್ತಾನೆ, ಒಳಗೆ ಬರುವುದಿಲ್ಲ. ಕೆಲಸವಿಲ್ಲದೆ ಅವನ ಕೈ ಸುಮ್ಮನಿರುವುದಿಲ್ಲ, ನಮ್ಮ ಬಾಗಿಲಿನ ತಿರುಪುಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದ. ಇವರು ಹಿಂದಿನ ಬಾಗಿಲಿನಿಂದ ಕೆಲಸಕ್ಕೆ ಹೋಗುತ್ತಾರೆ. ಇಪ್ಪತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ಹೀಗೆ ಕಣ್ಣು ತಪ್ಪಿಸಿಕೊಂಡು ಓಡಾಡಿದರೆ ನಾನು ಕುರುಡಿಯೇ?

ನಾನು ಓದಿದವಳಲ್ಲ ಸರಿ. ಹಾಗಂತ ಅಪ್ಪ ಮಗಳು ಸೇರಿ ನನ್ನ ತಮ್ಮನ ವಿಷಯವನ್ನು ನನ್ನಿಂದಲೇ ಮುಚ್ಚಿಡುವುದು ಯಾವ ನ್ಯಾಯ? ಅನ್ನಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಾರೆ. ನೀನೂ ಹೋದಾಗಿನಿಂದ ನನಗೆ ಅಂತ ಒಂದು ಸಾಲು ಬರೆದವಳಲ್ಲ.

ಯಾರಾದರೂ ಒಬ್ಬರು ಬಾಯಿ ಬಿಡಿ. ಇಲ್ಲದಿದ್ದರೆ ನಾನೇ ಆ ಜೇಬಿಗೆ ಕೈ ಹಾಕುತ್ತೇನೆ.

ಅಮ್ಮ


9 ಜನವರಿ

ಮಗಳೇ,

ಇಲ್ಲ. ಎರಡನೆಯದನ್ನು ಮಾಡಲಿಲ್ಲ. ಸಮಾಧಾನವಾಯಿತೇ?

ಈಗ ನೀನು ಕೇಳದೆ ಬಿಟ್ಟದ್ದನ್ನೂ ಹೇಳುತ್ತೇನೆ. ಮೂರು ವರ್ಷದ ಹಿಂದೆ ಲ್ಯಾಬಿನಲ್ಲಿ ಇಬ್ಬರು ಪರೀಕ್ಷಕರಿದ್ದೆವು. ನನ್ನ ಜೊತೆಯವನು ನಿವೃತ್ತನಾದ ಮೇಲೆ ಅವನ ಕುರ್ಚಿಯನ್ನು ಗಡಿಯಾರ ತನ್ನ ರೂಮಿಗೆ ಒಯ್ದ, ಆ ಜಾಗಕ್ಕೆ ಮನುಷ್ಯನನ್ನು ತರಲಿಲ್ಲ. ದಿನಕ್ಕೆ ನಲವತ್ತು ಉಕ್ಕು ಬರುತ್ತದೆ. ಬಿಸಿನೀರಿನ ತೊಟ್ಟಿಯಲ್ಲಿ ಆರು ಫ್ಲಾಸ್ಕು ಹಿಡಿಸುತ್ತದೆ. ನನಗಿರುವುದು ಎರಡು ಕೈ. "ಪ್ರತಿ ಮಾದರಿ ಎರಡು ಸಲ" ಎಂದು ಗೋಡೆಗೆ ಬೋರ್ಡು ಹೊಡೆಸಿ, ಮಧ್ಯಾಹ್ನ ಎರಡಕ್ಕೆ ಬಂದು ಗಡಿಯಾರ ತಟ್ಟುತ್ತಾನೆ. ಆಗುವುದಿಲ್ಲ ಎಂದು ಮೂರು ಸಲ ಹೇಳಿದೆ. "ಆಗೋವರನ್ನ ಹುಡುಕ್ಲಾ?" ಎಂದ. ಆಮೇಲೆ ಪೆನ್ನು ತೆಗೆದೆ. ಎರಡೂ ಅಂಕಿ ಒಂದೇ ಆದರೆ ಅನುಮಾನ ಬರುತ್ತದೆ. ಹೆಚ್ಚು ವ್ಯತ್ಯಾಸ ಬರೆಯಲು ಮನಸ್ಸು ಒಪ್ಪಲಿಲ್ಲ. ಆ ಗಿಣಿ ಹೇಳಿದ್ದು ಸರಿ, ನನಗೆ ನಾಚಿಕೆಯೇ ಆಗುತ್ತಿತ್ತು.

ಆದರೆ ಮೊದಲನೆಯದನ್ನು ನಾನು ಒಂದು ದಿನವೂ ಸುಳ್ಳು ಬರೆದಿಲ್ಲ. 0.034 ನನ್ನ ಕೈಯಾರೆ ಮಾಡಿದ್ದು. ಹಾಗಿದ್ದ ಮೇಲೆ ಪೊಟ್ಟಣ ಬಿಚ್ಚಿ ಏನು ನೋಡುವುದು? ಬಿಚ್ಚಿದರೆ ಇಪ್ಪತ್ತಾರು ವರ್ಷದ ಪ್ರತಿ ಹಾಳೆಯೂ ಸುಳ್ಳಾಗುತ್ತದೆ. ನಾನು ಆ ಗೇಟಿನಿಂದ ಕಳ್ಳನ ಹಾಗೆ ಹೊರಗೆ ಬರಬೇಕಾಗುತ್ತದೆ. ಮೊದಲು ಅದೇ ಗೇಟಿನ ಮುಂದೆ ನಿಂತು ನೋಡು, ಆಮೇಲೆ ಬುದ್ಧಿ ಹೇಳು.

ಮೂವತ್ತು ಜನರ ಮುಂದೆ ನನ್ನ ಹಾಳೆ ಓದಿದೆಯಲ್ಲ, ಅದನ್ನು ನುಂಗಿಕೊಂಡೆ. ಆದರೆ ನೀನೂ ನಕ್ಕೆಯಾ?

ರಜೆಗೆ ಈ ಸಲ ಮನೆಗೆ ಬರಬೇಡ. ನಿನ್ನ ಮುಖ ನೋಡುವ ಸ್ಥಿತಿಯಲ್ಲಿ ನಾನಿಲ್ಲ.

ಅಪ್ಪ


15 ಜನವರಿ

ಅಪ್ಪ,

ನಕ್ಕೆ. ಅದಕ್ಕೆ ನನಗೆ ನನ್ನ ಮೇಲೆ ಅಸಹ್ಯವಾಗಿದೆ. ಅದನ್ನು ಹಿಡಿದುಕೊಂಡು ನೀವು ಬಚಾವಾಗಬೇಡಿ.

ಗಡಿಯಾರದ ಬಗ್ಗೆ ನೀವು ಬರೆದದ್ದು ಓದಿ ನನ್ನ ಮೈ ಉರಿಯಿತು. ಅವನಿಗೆ ಏನಾದರೂ ಆಗಲೇಬೇಕು. ಆದರೆ ಅವನು ನಿಮ್ಮ ಕುತ್ತಿಗೆ ಹಿಡಿದ, ನಿಮ್ಮ ಕೈ ಹೋಗಿ ಮಾವನ ಕುತ್ತಿಗೆ ಹಿಡಿಯಿತು. ಮಾವ ಯಾರ ಕುತ್ತಿಗೆ ಹಿಡಿಯಬೇಕು? ಆಸ್ಪತ್ರೆಯಲ್ಲಿ ಮಲಗಿರುವ ಮೇಸ್ತ್ರಿಯದೇ?

ಮೊದಲನೆಯದು ನಿಜ ಎಂದಿರಿ. ಒಪ್ಪಿದೆ, ನೀವು ಮಾಡಿದಿರಿ. ಹೇಗೆ ಮಾಡಿದಿರಿ? ಉಕ್ಕನ್ನು ಆಮ್ಲದಲ್ಲಿ ಕರಗಿಸಿ ಮದ್ದು ಹಾಕಿದ ಮೇಲೆ ರಂಜಕವೆಲ್ಲ ಹಳದಿ ಗಸಿಯಾಗಿ ತಳಕ್ಕೆ ಕೂರಬೇಕು. ಆ ಗಸಿಯನ್ನು ಸೋಸಿ ಅಳೆದರೆ ತಾನೇ ಲೆಕ್ಕ? ಗಸಿ ಪೂರ್ತಿ ಕೂರಲು ಫ್ಲಾಸ್ಕು ಬೆಚ್ಚಗಿರಬೇಕು, ಸಮಯ ಕೊಡಬೇಕು. ಅದು ಜನವರಿ. ನಲವತ್ತು ಫ್ಲಾಸ್ಕು, ತೊಟ್ಟಿಯಲ್ಲಿ ಆರಕ್ಕೆ ಜಾಗ. ಕೊಕ್ಕೆಯ ಫ್ಲಾಸ್ಕು ಎಲ್ಲಿತ್ತು ಅಪ್ಪ? ತೊಟ್ಟಿಯಲ್ಲೋ, ಕಿಟಕಿಯ ಕಟ್ಟೆಯ ಮೇಲೋ?

ನಿನ್ನೆ ನಾನು ಮಾಡಿ ನೋಡಿದೆ. 0.068 ಎಂದು ಖಾತ್ರಿಯಿರುವ ಉಕ್ಕು ಮೇಡಂ ಹತ್ತಿರ ಇದೆ. ಅದನ್ನು ತಣ್ಣಗಿನ ಕಟ್ಟೆಯ ಮೇಲೆ ಹದಿನೈದು ನಿಮಿಷ ಇಟ್ಟು, ಅವಸರದಲ್ಲಿ ಸೋಸಿ ಅಳೆದೆ. 0.039 ಬಂತು. ಮಿತಿಯೊಳಗೇ! ಉಳಿದ ರಂಜಕವೆಲ್ಲ ಗಸಿಯಾಗದೆ ನೀರಿನ ಜೊತೆ ಮೋರಿಗೆ ಹೋಗಿತ್ತು. ನೀವು ಎರಡನೆಯ ಸಲ ನಿಜವಾಗಿ ಮಾಡಿದ್ದರೆ ಆ ಅಂಕಿ ಬೇರೆ ಬಂದಿರುತ್ತಿತ್ತು, ನಿಮಗೆ ಅನುಮಾನ ಬಂದಿರುತ್ತಿತ್ತು. ಎರಡು ಸಲ ಮಾಡುವುದು ಬೋರ್ಡಿನ ಶೋಭೆಗಲ್ಲ.

ಮೇಡಂ ಬಾಗಿಲವರೆಗೆ ಎರಡು ಸಲ ಹೋಗಿ ಹಿಂದೆ ಬಂದೆ. ಆ ಹಾಳೆ ನಮ್ಮಪ್ಪನದು ಎನ್ನಲು ಬಾಯಿ ಬರಲಿಲ್ಲ. ಅದಕ್ಕೂ ನನಗೆ ನಿಮ್ಮ ಮೇಲೇ ಸಿಟ್ಟು.

29ನೇ ತಾರೀಖು ದೂರವಿಲ್ಲ.

ಮಗಳು


26 ಜನವರಿ

ಪುಟ್ಟಿ,

ಕಿಟಕಿಯ ಕಟ್ಟೆಯ ಮೇಲಿತ್ತು.

ನಿನ್ನ ಕಾಗದ ಓದಿದ ಕೂಡಲೇ ನೆನಪಾಯಿತು ಎಂದರೆ ಸುಳ್ಳು. ಆ ದಿನದಿಂದಲೂ ನೆನಪಿತ್ತು. ಕೊಕ್ಕೆ ಮುರಿದ ಸುದ್ದಿ ಬಂದಾಗ ಮೊದಲು ನನ್ನ ಕಣ್ಣ ಮುಂದೆ ಬಂದದ್ದು ಮೇಸ್ತ್ರಿಯ ಕಾಲಲ್ಲ, ಆ ಕಟ್ಟೆ. ಎರಡು ತಿಂಗಳು ಅದನ್ನು ತುಳಿದು ತುಳಿದು ಒಳಗೆ ಹಾಕಿದೆ.

ನಿನ್ನೆ ಭಾನುವಾರ. ಕಾವಲಿನವನಿಗೆ ಕೆಲಸ ಬಾಕಿಯಿದೆ ಎಂದು ಹೇಳಿ ಬೆಳಿಗ್ಗೆಯೇ ಲ್ಯಾಬಿಗೆ ಹೋದೆ. ಪೊಟ್ಟಣದ ಅರ್ಧ ತುರಿ ತೆಗೆದುಕೊಂಡು ಅರ್ಧ ಹಾಗೇ ಬಿಟ್ಟೆ. ನಾಲ್ಕು ಫ್ಲಾಸ್ಕು. ನಾಲ್ಕಕ್ಕೂ ತೊಟ್ಟಿಯಲ್ಲಿ ಜಾಗ. ಎರಡು ಗಂಟೆ ಕೂರಲು ಬಿಟ್ಟೆ. ಆ ಎರಡು ಗಂಟೆ ನಾನು ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದೆ, ಮೂರು ವರ್ಷದಲ್ಲಿ ಮೊದಲ ಸಲ. ಹಳದಿ ದಟ್ಟವಾಗಿ ಕೂತಿತು. ಅಳೆಯುವ ಮೊದಲೇ ಗೊತ್ತಾಗುವಷ್ಟು ದಟ್ಟವಾಗಿ. 0.069. 0.074. 0.071. 0.077.

ಮನೆಗೆ ಬಂದು ಮೊದಲು ನಿಮ್ಮಮ್ಮನಿಗೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ನಡೀರಿ, ಅವನಿಗೆ ನೀವೇ ಹೇಳ್ಬೇಕು" ಎಂದು ಮುಂದಿನ ಬಾಗಿಲು ತೆಗೆದು ನಿಂತಳು. ನಿನ್ನ ಮಾವ ಮೆಟ್ಟಿಲ ಮೇಲಿದ್ದ. ಅವನ ಪಕ್ಕ ಕೂತು ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಟೀ ಲೋಟವನ್ನು ತಿರುಗಿಸುತ್ತ, "ಭಾವ, ನಾನೇ ಹೆಚ್ಚು ಎತ್ತಿದೆನೇನೋ ಅಂತ ನನಗೇ ಅನ್ನಿಸೋಕೆ ಶುರುವಾಗಿತ್ತು. ಎಲ್ಲರೂ ಹೇಳ್ತಿದ್ರು, ನಿಮ್ಮ ಹಾಳೇನೂ ಹೇಳ್ತಿತ್ತು. ನಿಮ್ಮ ಹಾಳೆ ಅಂದ್ಮೇಲೆ ನಂಬದೆ ಹೇಗಿರಲಿ?" ಎಂದ. ಟೀ ಲೋಟ ಕೆಳಗಿಟ್ಟು ಎದ್ದು ಹೋದ. ಇವತ್ತು ಬಂದಿಲ್ಲ.

ವಿಚಾರಣೆ 4ಕ್ಕೆ. ಹೋಗುತ್ತೇನೆ.

ಅಪ್ಪ


5 ಫೆಬ್ರವರಿ

ಪುಟ್ಟಿ,

ವಿಚಾರಣೆಯಲ್ಲಿ ಮೂವರು ಕೂತಿದ್ದರು. ಎಲ್ಲ ಹೇಳಿದೆ, ನಾಲ್ಕು ಅಂಕಿಯನ್ನೂ ಕೊಟ್ಟೆ. ಮುಖ್ಯಸ್ಥರು ಕನ್ನಡಕ ತೆಗೆದು, "ಆವತ್ತು ಸುಳ್ಳು ಬರೆದವರು ಇವತ್ತು ನಿಜ ಬರೆದಿದ್ದೀರಿ ಅಂತ ಹೇಗೆ ನಂಬೋದು? ಕ್ರೇನ್ ಓಡಿಸಿದವರು ನಿಮ್ಮ ಭಾವಮೈದುನ ಅಲ್ವಾ?" ಎಂದರು.

ನನಗೆ ಎಷ್ಟು ಕೋಪ ಬಂತೆಂದರೆ ಮೇಜು ಹಿಡಿದುಕೊಂಡೆ. ಇಡೀ ಬದುಕಿನ ಕಷ್ಟದ ಮಾತು ಹೇಳಲು ಬಂದರೆ ಅದನ್ನೂ ಭಾವಮೈದುನನ ಮೇಲಿನ ಮಮಕಾರ ಎನ್ನುತ್ತಾರಲ್ಲ! ಆಮೇಲೆ ಹೊಳೆಯಿತು, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ನಿಜ ಹೇಳುವ ಹಕ್ಕೂ ಉಳಿಯುವುದಿಲ್ಲ.

ಗಡಿಯಾರ ಎದ್ದು, "ಎರಡು ಸಲ ಮಾಡಿ ಅಂತ ನಾನು ಗೋಡೆ ಮೇಲೇ ಬರೆಸಿದ್ದೀನಿ ಸರ್" ಎಂದ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯೂ ಸ್ವಲ್ಪ ತಿಂದಿತ್ತು, ಅದೇ ಕಷ್ಟ.

ನಾನು ಹೇಳಿದೆ: "ನನ್ನನ್ನ ನಂಬಬೇಡಿ. ನನ್ನ ಪೊಟ್ಟಣಾನೂ ನಂಬಬೇಡಿ. ಮುರಿದ ಕೊಕ್ಕೆ ನಿಮ್ಮ ಬೀಗದಲ್ಲೇ ಇದೆ. ಅದನ್ನೇ ಕೊರೆದು ತುರಿ ತೆಗೀರಿ, ನನ್ನ ಕೈ ಸೋಕದ ಕಡೆ ಕಳಿಸಿ." ಮೂವರೂ ಗುಸುಗುಸು ಮಾತಾಡಿ ಒಪ್ಪಿದರು. ಕಳಿಸುತ್ತಿರುವುದು ನಿಮ್ಮ ಕಾಲೇಜಿಗೆ. ಈ ಕೆಲಸಕ್ಕೆ ಹತ್ತಿರದಲ್ಲಿ ಬೇರೆ ಜಾಗವಿಲ್ಲವಂತೆ. ನನ್ನ ಮಗಳು ಅಲ್ಲಿದ್ದಾಳೆ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಲ್ಯಾಬಿನ ಬೀಗದಕೈ ಕೇಳಿ ತೆಗೆದುಕೊಂಡರು.

ಅಪ್ಪ


25 ಫೆಬ್ರವರಿ

ಅಪ್ಪ,

ಕೊಕ್ಕೆ ಬಂತು. ಮರದ ಪೆಟ್ಟಿಗೆಯಲ್ಲಿ, ಅರಗಿನ ಮೊಹರು ಹಾಕಿ. ಮುರಿದ ಕಡೆ ಸಕ್ಕರೆಯ ಗಟ್ಟಿಯ ಹಾಗೆ ಹರಳು ಹರಳಾಗಿ ಮಿನುಗುತ್ತಿತ್ತು. ಮೇಡಂ ಅದನ್ನು ಮೇಜಿನ ಮೇಲಿಟ್ಟು, ಇದರ ಮೇಲೆ ಒಬ್ಬ ಮನುಷ್ಯನ ಬದುಕು ನಿಂತಿದೆ, ತಮಾಷೆ ಬೇಡ ಎಂದರು. ಆ ಕೆಲಸಕ್ಕೆ ಗಿಣಿರಾಮನನ್ನೂ ನನ್ನನ್ನೂ ಕರೆದರು.

ನೀವು ಹೇಳದೆ ಬಿಟ್ಟದ್ದು ನನ್ನ ತಲೆಗೆ ಬಂತು ನೋಡಿ. ಸುಮ್ಮನೆ ಮಾಡಿಬಿಡಬಹುದಿತ್ತು. ನಾನು ನಿಜವನ್ನೇ ಬರೆಯುತ್ತಿದ್ದೆ. ಆದರೆ ನಾಳೆ ಯಾರಾದರೂ ಪರೀಕ್ಷೆ ಮಾಡಿದವಳು ಯಾರ ಮಗಳು ಎಂದು ಕೇಳಿದರೆ ಮಾವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

"ಮೇಡಂ, ನಾನು ಇದನ್ನ ಮುಟ್ಟಬಾರದು. ಕ್ರೇನ್ ಓಡಿಸಿದವರು ನಮ್ಮ ಮಾವ" ಎಂದೆ.

ಅಷ್ಟೇ ಸಾಕಿತ್ತು. ಮೇಡಂ ಆಗಲೇ ಬೇರೆಯವಳ ಕಡೆ ತಿರುಗಿದ್ದರು. ನಾನು ಕೂರಬಹುದಿತ್ತು. ಕೂರಲಿಲ್ಲ.

"ಈ ಉಕ್ಕನ್ನ ಮೊದಲು ಪರೀಕ್ಷೆ ಮಾಡಿದವರು ನಮ್ಮಪ್ಪ. ಡಿಸೆಂಬರಿನಲ್ಲಿ ನಾನು ಎದ್ದು ಓದಿದ ಹಾಳೆ, ನಾವೆಲ್ಲ ನಕ್ಕೆವಲ್ಲ, ಅದು ಅವರದು. ಅದು ತಪ್ಪು ಅಂತ ಅವರೇ ಹೋಗಿ ಹೇಳಿದ್ದಾರೆ."

ಮೇಡಂ ನನ್ನನ್ನು ಹೊರಗೆ ಕೂರಲು ಹೇಳಿದರು. ನಾಲ್ಕು ಗಂಟೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಒಳ್ಳೆಯ ಅಂಕಿ ಬರಲಿ ಎಂದು ಬೇಡಿಕೊಳ್ಳೋಣ ಅಂದರೆ ಯಾವುದು ಒಳ್ಳೆಯದು? ಹೆಚ್ಚು ಬಂದರೆ ಮಾವ ಉಳಿಯುತ್ತಾರೆ, ನೀವು ಮುಳುಗುತ್ತೀರಿ. ಕಡಿಮೆ ಬಂದರೆ ಇಬ್ಬರೂ ಮುಳುಗುತ್ತೀರಿ. ಕೊನೆಗೆ ಏನನ್ನೂ ಬೇಡಲಿಲ್ಲ.

ಗಿಣಿರಾಮ ಹೊರಗೆ ಬಂದ. ಕೈಬೆರಳೆಲ್ಲ ಹಳದಿ. "0.072, 0.075" ಎಂದ.

"ಎರಡೂ ನೀನೇ ಮಾಡಿದ್ದಾ?" ಎಂದೆ. ಬಾಯಿತಪ್ಪಿ ಬಂತು.

"ಮೂರು ಮಾಡಿದೆ. ಒಂದು ಸೋಸುವಾಗ ಚೆಲ್ಲಿಹೋಯ್ತು. ಚೆಲ್ಲಿತು ಅಂತಲೂ ಬರೆದಿದ್ದೀನಿ" ಎಂದು ನನ್ನ ಪಕ್ಕ ಕೂತ. ಕ್ಷಮೆ ಕೇಳಲು ಬಂದಿದ್ದನೆಂದು ತೋರುತ್ತದೆ, ಅದು ಅವನ ಪುಸ್ತಕದಲ್ಲಿ ಇರಲಿಲ್ಲ.

ವರದಿಗೆ ಮೇಡಂ ಇನ್ನೊಂದು ಸಾಲು ಸೇರಿಸಿದರು. ಗಡಿಯಾರದ ವಿಷಯವನ್ನೆಲ್ಲ ನಾನು ಹೇಳಿದ್ದೆ. ಅವರು ನನ್ನನ್ನು ನಂಬಿ ಬರೆಯಲಿಲ್ಲ. ಕಾಗದ ತೆಗೆದು ಗಂಟೆ ಲೆಕ್ಕ ಹಾಕಿದರು. ಆರು ಫ್ಲಾಸ್ಕಿನ ತೊಟ್ಟಿಯಲ್ಲಿ, ಒಬ್ಬರ ಕೈಯಲ್ಲಿ, ಎರಡೆರಡು ಸಲದಂತೆ ದಿನಕ್ಕೆ ಹನ್ನೆರಡಕ್ಕಿಂತ ಹೆಚ್ಚು ಉಕ್ಕಿನ ಪರೀಕ್ಷೆ ಸಾಧ್ಯವಿಲ್ಲ, ನಲವತ್ತು ಕೊಟ್ಟವರು ಯಾರೆಂದು ವಿಚಾರಿಸುವುದು ಒಳ್ಳೆಯದು ಎಂದು ಬರೆದು ಸಹಿ ಹಾಕಿದರು. ವಿಚಾರಣೆಯವರು ಅದನ್ನು ಓದದ ಹಾಗೆ ನಟಿಸಬಹುದು. ಹಾಗೆ ಮಾಡಿದರೆ ಅದರ ಪ್ರತಿ ನನ್ನ ಹತ್ತಿರ ಇದೆ, ನಾನು ಸುಮ್ಮನಿರುವವಳಲ್ಲ.

ಮಾವ ಮತ್ತೆ ಕ್ರೇನ್ ಹತ್ತುತ್ತಾರೆ. ಮೇಸ್ತ್ರಿಗೆ ಪಾದ ಬರುವುದಿಲ್ಲ. ನಿಮ್ಮ ಕೆಲಸ ಹೋಗುತ್ತದೆ, ಅದು ಅನ್ಯಾಯ ಎಂದು ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ.

ನನ್ನ ಸಿಟ್ಟು ಇಳಿದಿಲ್ಲ ಅಪ್ಪ. ನಾನು ಬಾಯಿತುಂಬ ಹೊಗಳಿಕೊಂಡು ತಿರುಗಿದ ಮನುಷ್ಯನನ್ನು ನೀವು ನನ್ನಿಂದ ಕಿತ್ತುಕೊಂಡಿರಿ. ಆ ಸಿಟ್ಟು ಕಾಗದದಲ್ಲಿ ಹಿಡಿಸುವಂಥದ್ದಲ್ಲ, ಎದುರಿಗೆ ಕೂತು ಜಗಳವಾಡಬೇಕು. ಬರಬೇಡ ಎಂದು ನೀವು ಬರೆದದ್ದನ್ನು ನಾನು ಲೆಕ್ಕಕ್ಕೆ ಇಟ್ಟಿಲ್ಲ. ಶನಿವಾರ ಸಂಜೆ ಐದರ ಬಸ್ಸಿಗೆ ಬರುತ್ತಿದ್ದೇನೆ.

ನಿಲ್ದಾಣಕ್ಕೆ ಅಮ್ಮನನ್ನು ಕಳಿಸಬೇಡಿ, ಮಾವನನ್ನೂ ಕಳಿಸಬೇಡಿ. ನೀವೇ ಬನ್ನಿ.

ನಿಮ್ಮ ಮಗಳು